ತೂಬಲ್‌ಕಾಯಿನನ ಕುಲುಮೆ

ಬೈಬಲಿನ ಮೊದಲನೆಯ ಗ್ರಂಥವಾದ ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ತೂಬಲ್‌ಕಾಯಿನನೆಂಬ ಹೆಸರೊಂದು ಬರುತ್ತದೆ. ಬಂದಷ್ಟೇ ವೇಗದಿಂದ ಮರೆಯಾಗಿಯೂ ಹೋಗುತ್ತದೆ. ಅವನಿಗೆ ಸಂಬಂಧಪಟ್ಟದ್ದು ಒಂದೇ ಒಂದು ವಾಕ್ಯ. ಅವನು ಲೆಮೆಕನೆಂಬವನಿಗೆ ಚಿಲ್ಲಾ ಎಂಬ ಹೆಂಡತಿಯಲ್ಲಿ ಹುಟ್ಟಿದವನು, ತಾಮ್ರ ಕಬ್ಬಿಣಗಳ ಕೆಲಸದವನು, ಅವನಿಗೆ ನಯಮಾ ಎಂಬ ಸಹೋದರಿಯಿದ್ದಳು: ಇಷ್ಟನ್ನು ಹೇಳಿ ಗ್ರಂಥವು ಸುಮ್ಮನಾಗುತ್ತದೆ. ಅವನು ಏನು ಮಾಡಿದನು, ಎಷ್ಟು ಕಾಲ ಬಾಳಿದನು, ಒಳ್ಳೆಯವನೋ ಕೆಟ್ಟವನೋ, ಒಂದನ್ನೂ ತಿಳಿಸುವುದಿಲ್ಲ. ಇಷ್ಟು ಅಲ್ಪವಾದ ಮಾತಿನ ಮೇಲೆ ಎರಡು ಸಾವಿರ ವರ್ಷಗಳಿಂದ ಪಂಡಿತರು ವಾದ ಮಾಡುತ್ತಲೇ ಬಂದಿದ್ದಾರೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಸೀಮೆಯನ್ನು ಬಲ್ಲವರಿಗೆ ಈ ವಾದದಲ್ಲಿ ಸ್ವಲ್ಪ ಅಧಿಕಾರವುಂಟೆಂದು ನಮ್ಮ ಭಾವನೆ; ಹೇಗೆಂಬುದು ಮುಂದೆ ತಿಳಿಯುವುದು.

ಮೊದಲು ವಂಶದ ವಿಚಾರ. ತಮ್ಮನಾದ ಹೇಬೆಲನನ್ನು ಕೊಂದ ಕಾಯಿನನು ಶಾಪಗ್ರಸ್ತನಾಗಿ ಅಲೆಯಹೋದನಷ್ಟೆ. ಅವನ ಸಂತತಿಯಲ್ಲಿ, ಆದಾಮನಿಂದ ಎಣಿಸಿದರೆ ಏಳನೆಯ ತಲೆಯವನೇ ಲೆಮೆಕ. ಇವನ ಮೊದಲನೆಯ ಹೆಂಡತಿಯಾದ ಆದಾ ಎಂಬವಳ ಮಕ್ಕಳು ಇಬ್ಬರು. ಯಾಬಾಲನು ಗುಡಾರಗಳಲ್ಲಿ ವಾಸಿಸುವ ಪಶುಪಾಲಕರಿಗೆ ಮೂಲಪುರುಷನು. ಯೂಬಾಲನು ಕಿನ್ನರಿ ಕೊಳಲುಗಳನ್ನು ನುಡಿಸುವವರಿಗೆ ಮೂಲಪುರುಷನು. ಎರಡನೆಯ ಹೆಂಡತಿಯ ಮಗನೇ ನಮ್ಮ ತೂಬಲ್‌ಕಾಯಿನ. ಒಂದೇ ಮನೆಯಲ್ಲಿ ದನ, ವೀಣೆ, ಸುತ್ತಿಗೆ ಮೂರೂ ಹುಟ್ಟಿದವೆಂದಾಯಿತು. ಇದರ ಬೆನ್ನಿಗೇ ಲೆಮೆಕನು ತನ್ನ ಹೆಂಡಿರೆದುರು ಹಾಡಿದ ಭಯಂಕರವಾದ ಹಾಡೊಂದು ಬರುತ್ತದೆ. ತನ್ನನ್ನು ಗಾಯಪಡಿಸಿದ ಒಬ್ಬನನ್ನು ಕೊಂದೆನೆಂದೂ, ಕಾಯಿನನಿಗಾಗಿ ಏಳರಷ್ಟು ಪ್ರತೀಕಾರವಾದರೆ ತನಗಾಗಿ ಎಪ್ಪತ್ತೇಳರಷ್ಟು ಆಗತಕ್ಕದ್ದೆಂದೂ ಅದರ ತಾತ್ಪರ್ಯ. ಮಗನ ಕಸುಬಿನ ಮಾತಾದೊಡನೆ ತಂದೆಯ ಕೊಲೆಯ ಮಾತು! ಈ ನೆರೆಹೊರೆಯೇ ಎಲ್ಲ ತೊಡಕಿಗೂ ಮೂಲ. ಹದಿನೆಂಟನೆಯ ಶತಮಾನದ ಜರ್ಮನ್ ವಿದ್ವಾಂಸನಾದ ಹರ್ಡರನು ಇದನ್ನು ಖಡ್ಗದ ಹಾಡೆಂದೇ ಕರೆದನು. ಮಗನು ಹೊಸದಾಗಿ ಮಾಡಿದ ಕತ್ತಿಯನ್ನು ಹಿಡಿದು ತಂದೆಯು ಬೀಗುತ್ತಿದ್ದಾನೆಂದು ಅವನ ಊಹೆ.

ಯಹೂದಿ ಗುರುಗಳ ಅಭಿಪ್ರಾಯವೂ ಬಹುಮಟ್ಟಿಗೆ ಇದೇ ಜಾಡಿನದು. ಅವರು ತೂಬಲ ಎಂಬ ಹೆಸರಿನಲ್ಲಿ ಮಸಾಲೆ ಎಂಬರ್ಥದ ಹೀಬ್ರೂ ಶಬ್ದದ ಛಾಯೆಯನ್ನು ಕಂಡರು. ಕಾಯಿನನು ಆಯುಧವಿಲ್ಲದೆ ಕೊಂದನು. ಇವನು ಕೊಲೆಗಾರರಿಗೆ ಆಯುಧ ಒದಗಿಸಿ ಆ ಪಾಪವನ್ನು ಹದಗೊಳಿಸಿದನು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾಯಿನನ ಪಾಪಕ್ಕೆ ಒಗ್ಗರಣೆ ಹಾಕಿದನು. ಶ್ಲೇಷೆಯೇನೋ ಸೊಗಸಾಗಿದೆ. ಆದರೆ ಶ್ಲೇಷೆಯಿಂದ ಒಬ್ಬನನ್ನು ಅಪರಾಧಿಯೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅವರೇ ಹೇಳುವ ಇನ್ನೊಂದು ಕಥೆ ಇದಕ್ಕಿಂತ ಕರುಣಾಜನಕವಾಗಿದೆ. ಲೆಮೆಕನು ಕುರುಡನಂತೆ, ಬಾಲಕನಾದ ತೂಬಲ್‌ಕಾಯಿನನು ಕೈಹಿಡಿದು ನಡೆಯಿಸುತ್ತಿದ್ದನಂತೆ. ಮಗನು ಮೃಗವೆಂದು ತೋರಿಸಿದ ಕಡೆಗೆ ತಂದೆ ಬಾಣ ಬಿಡಲು, ಬಿದ್ದವನು ಅವರ ಪೂರ್ವಜನಾದ ಕಾಯಿನನೇ. ದುಃಖದಿಂದ ಲೆಮೆಕನು ಎರಡು ಕೈಗಳನ್ನೂ ಬಡಿದುಕೊಂಡಾಗ ನಡುವೆ ಸಿಕ್ಕಿದ ಮಗನೂ ಸತ್ತನು. ಶಬ್ದವನ್ನು ಕೇಳಿ ಆನೆಯೆಂದು ಬಾಣ ಬಿಟ್ಟ ದಶರಥನ ಕಥೆಯನ್ನು ಬಲ್ಲ ನಮಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ವಜ್ರಾಯುಧವನ್ನು ರೂಪಿಸಿದ ತ್ವಷ್ಟೃವಿನ ಪಾಡೂ ಇಂಥದೇ: ಅವನ ಕೈಯ ವಜ್ರವೇ ಅವನು ಸೃಜಿಸಿದ ವೃತ್ರನನ್ನು ಕೊಂದಿತು. ಕಮ್ಮಾರನ ಮನೆಗೆ ಅವನ ಕೆಲಸವೇ ತಿರುಗಿಬರುವುದೆಂಬ ಭಯವು ಯಾವುದೋ ಒಂದು ಜನಾಂಗಕ್ಕೆ ಮಾತ್ರ ಸೇರಿದ್ದಲ್ಲವೆಂದು ಕಾಣುತ್ತದೆ.

ಆಧುನಿಕ ವಿಮರ್ಶಕರು ಹೆಸರಿನಿಂದ ಬೇರೆ ದಾರಿ ಹಿಡಿದರು. ತೂಬಲ ಎಂಬುದು ಬೈಬಲಿನಲ್ಲಿಯೇ ಒಂದು ದೇಶದ ಹೆಸರು. ಯೆಹೆಜ್ಕೇಲ ಪ್ರವಾದಿಯ ಗ್ರಂಥದಲ್ಲಿ ಆ ದೇಶದವರು ತೂರ್ ಪಟ್ಟಣದ ಸಂತೆಗೆ ತಾಮ್ರದ ಪಾತ್ರೆಗಳನ್ನು ತರುತ್ತಾರೆ. ಅಸ್ಸೀರಿಯದ ಶಾಸನಗಳು ಇಂದಿನ ತುರ್ಕಿ ದೇಶದ ಒಳನಾಡಿನಲ್ಲಿ ತಾಬಲ್ ಎಂಬ ಪ್ರಾಂತವನ್ನು ಹೇಳುತ್ತವೆ. ಇನ್ನು ಕಾಯಿನ್ ಎಂಬುದಕ್ಕೆ ಹತ್ತಿರದ ಅರಬ್ಬಿ ಶಬ್ದಕ್ಕೆ ಕಮ್ಮಾರನೆಂದೇ ಅರ್ಥ. ಆದುದರಿಂದ ಈ ಹೆಸರು ಒಬ್ಬ ವ್ಯಕ್ತಿಯದಲ್ಲ, ಲೋಹಕ್ಕೆ ಹೆಸರಾದ ಒಂದು ನಾಡನ್ನೂ ಕಸುಬುದಾರರ ಒಂದು ಕುಲವನ್ನೂ ಕೂಡಿಸಿ ಹೊಲಿದ ಹೆಸರೆಂದು ಅವರು ಊಹಿಸುತ್ತಾರೆ. ಊಹೆ ಒಪ್ಪತಕ್ಕದ್ದೇ. ಆದರೂ ಹೆಸರಿನ ಹಿಂದೆ ಹೋದವರು ಕೆಲಸವನ್ನು ನೋಡಲು ಮರೆತರೇನೋ ಎನಿಸುತ್ತದೆ. ಕೆಲಸವನ್ನು ನೋಡಬೇಕಾದರೆ ನಮ್ಮ ಸೀಮೆಗೆ ಬರಬಹುದು.

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ವೈದ್ಯ ಫ್ರಾನ್ಸಿಸ್ ಬುಕನನನು 1800ರಲ್ಲಿ ಮೈಸೂರು ದೇಶವನ್ನು ಸಂಚರಿಸಿದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಶಿರಾ, ಮಧುಗಿರಿ, ಚನ್ನರಾಯನದುರ್ಗಗಳ ವರ್ಣನೆಯಿದೆ. ಅಲ್ಲಿಯ ಕಬ್ಬಿಣದ ಕುಲುಮೆಗಳ ವಿವರವೂ ಇದೆ. ಈ ಬೆಟ್ಟಗಳ ಬಂಡೆ ಸವೆದು, ಮಳೆಗಾಲದ ಹಳ್ಳಗಳಲ್ಲಿ ಕಪ್ಪು ಮರಳು ಹರಿದುಬರುತ್ತಿತ್ತು. ಜನರು ಅದನ್ನು ಕೂಡಿಸಿ, ನೀರಿನಲ್ಲಿ ಜಾಲಿಸಿ, ಹಗುರವಾದ ಮರಳನ್ನು ಕಳೆದು, ಭಾರವಾದ ಅದಿರನ್ನು ಉಳಿಸಿಕೊಳ್ಳುತ್ತಿದ್ದರು. ಮಣ್ಣಿನ ಕುಲುಮೆಯಲ್ಲಿ ಇದ್ದಲಿನೊಡನೆ ಅದನ್ನು ಹಾಕಿ ಚರ್ಮದ ತಿದಿಗಳಿಂದ ಊದಿದರೆ, ಕಬ್ಬಿಣವು ಕರಗಿ ಹರಿಯುತ್ತಿರಲಿಲ್ಲ. ಕಿಟ್ಟದೊಡನೆ ಮೆತ್ತಗಾದ ಮುದ್ದೆಯಾಗಿ ಕೂಡುತ್ತಿತ್ತು. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಶುದ್ಧಿಮಾಡಬೇಕು.

ಉಕ್ಕು ಮಾಡುವ ಕ್ರಮ ಇದಕ್ಕಿಂತ ಸೂಕ್ಷ್ಮ. ಬಡಿದ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಅದರೊಡನೆ ತಂಗಡಿಯ ಕಡ್ಡಿಯನ್ನೂ ಹಸಿರೆಲೆಯನ್ನೂ ಹಾಕಿ, ಬಾಯನ್ನು ಜೇಡಿಯಿಂದ ಮುಚ್ಚಿ, ಅನೇಕ ಮೂಸೆಗಳನ್ನು ಒಟ್ಟಿಗೆ ಬೆಂಕಿಯಲ್ಲಿ ಜೋಡಿಸಿ ಊದುತ್ತಿದ್ದರು. ಒಳಗಿನ ಕಡ್ಡಿ ಎಲೆಗಳು ಗಾಳಿಯಿಲ್ಲದೆ ಇದ್ದಲಾಗಿ, ಅದರ ಇಂಗಾಲವು ಕಬ್ಬಿಣದೊಳಕ್ಕೆ ಇಳಿಯುತ್ತದೆ. ಇಂಗಾಲ ಸೇರಿದ ಕಬ್ಬಿಣವು ಶುದ್ಧವಾದ ಕಬ್ಬಿಣಕ್ಕಿಂತ ಕಡಿಮೆ ಕಾವಿನಲ್ಲಿ ಕರಗುವುದರಿಂದ, ಮೂಸೆಯೊಳಗಿನದು ಕರಗಿ ಗಟ್ಟಿಯಾಗುತ್ತದೆ. ಇದೇ ಉಕ್ಕು. ಬೊಂಬಾಯಿಯಿಂದ ಹೆಲೆನಸ್ ಸ್ಕಾಟನು 1794ರಲ್ಲಿ ಇಂತಹ ಗಟ್ಟಿಗಳನ್ನು ಲಂಡನ್ನಿಗೆ ಕಳುಹಿಸಿದನು. 1795ರಲ್ಲಿ ಪಿಯರ್ಸನ್ ಎಂಬ ವೈದ್ಯನು ರಾಯಲ್ ಸೊಸೈಟಿಯ ಮುಂದೆ ಅದರ ಮೇಲೆ ಪ್ರಬಂಧ ಓದಿದನು. ಅಲ್ಲಿ ವೂಟ್ಸ್ ಎಂದು ಪ್ರಚಾರಕ್ಕೆ ಬಂದ ಮಾತು ನಮ್ಮ ಉಕ್ಕು ಎಂಬುದರ ಅಪಭ್ರಂಶವೆಂದು ಬಹುಮಂದಿ ವಿದ್ವಾಂಸರ ಮತ. ವಿದ್ಯುಚ್ಛಾಸ್ತ್ರದಲ್ಲಿ ಪ್ರಖ್ಯಾತನಾದ ಫ್ಯಾರಡೆ ಮಹಾಶಯನೂ 1819ರಿಂದ 1822ರ ವರೆಗೆ ಇದರ ಗುಟ್ಟನ್ನು ಅರಸಿ ಪ್ರಯೋಗಗಳನ್ನು ಮಾಡಿದನು. ತಂಗಡಿಯ ಪೊದೆಯನ್ನು ದಾರಿಯ ಬದಿಯಲ್ಲಿ ನಿತ್ಯವೂ ನೋಡುವ ನಮಗೆ ಇದು ಸಾಮಾನ್ಯವಾದ ಸಂಗತಿಯೆಂದು ತೋರಬಹುದು!

ಈ ಉಕ್ಕಿನಿಂದ ಏನು ಮಾಡುತ್ತಿದ್ದರು? ಕತ್ತಿ ಮಾಡುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಈ ಸೀಮೆಯಲ್ಲಿ ಕತ್ತಿಗೆ ಗಿರಾಕಿಗಳು ಕಡಿಮೆಯಾಗಿರಲಿಲ್ಲ. ಮಧುಗಿರಿ, ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ, ನಿಡುಗಲ್ಲು, ಹೀಗೆ ಕಣ್ಣು ಹಾಯಿಸಿದ ಕಡೆಯೆಲ್ಲ ದುರ್ಗ. ಪಾಳೆಯಗಾರರಿಂದ ಮಧುಗಿರಿಯನ್ನು ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಗೆದ್ದುಕೊಂಡರು; ಶಿರಾ ಪಟ್ಟಣವು 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದು, ಮರಾಠರನ್ನೂ ಹೈದರಾಲಿಯನ್ನೂ ಕಂಡಿತು. ಆದರೆ ಅದೇ ಉಕ್ಕು ಕಲ್ಲುಕುಟಿಗನ ಉಳಿಯೂ ಆಗುತ್ತಿತ್ತು. ಅದಿಲ್ಲದೆ ಆ ದುರ್ಗಗಳ ಮೆಟ್ಟಿಲೂ ಇಲ್ಲ, ಗುಡಿಗಳ ಕಂಬವೂ ಇಲ್ಲ. ಇನ್ನು ಸಾದಾ ಕಬ್ಬಿಣವೆಲ್ಲ ಎಲ್ಲಿಗೆ ಹೋಯಿತು? ನೇಗಿಲಿನ ಕುಳಕ್ಕೆ, ಕುಡುಗೋಲಿಗೆ, ಬಂಡಿಯ ಪಟ್ಟಿಗೆ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕಮ್ಮಾರನೊಬ್ಬ. ಮುಂಗಾರು ಹನಿಯುವುದಕ್ಕೆ ಮೊದಲು ಊರಿನ ಕುಳಗಳೆಲ್ಲ ಅವನ ಅಡೆಗಲ್ಲಿನ ಮುಂದೆ ಬಂದು ಬೀಳುತ್ತಿದ್ದವು. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ರಾಗಿ ಅಳೆಯುತ್ತಿದ್ದರು. ಕುಳ ಮೊಂಡಾದರೆ ಊರಿಗೆ ಊಟವಿಲ್ಲವೆಂಬುದನ್ನು ಪಾವಗಡದಂತಹ ಮಳೆಯಭಾವದ ತಾಲ್ಲೂಕಿನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಮೂಲಗ್ರಂಥಕ್ಕೆ ಹಿಂದಿರುಗೋಣ. ತೂಬಲ್‌ಕಾಯಿನನ ವಿಷಯದಲ್ಲಿ ಹೀಬ್ರೂ ಮೂಲವು ತೊಡಕಾಗಿದೆ. ಅವನ ಇಬ್ಬರು ಅಣ್ಣಂದಿರನ್ನು ಹೇಳುವಾಗ ಇರುವ ತಂದೆ ಅಥವಾ ಮೂಲಪುರುಷ ಎಂಬರ್ಥದ ಶಬ್ದವು ಇವನ ವಾಕ್ಯದಲ್ಲಿಲ್ಲ. ಅದರ ಬದಲು ಲೋತೇಶ್ ಎಂಬ ಮಾತಿದೆ. ಬಡಿಯುವವನು, ಹದಗೊಳಿಸುವವನು, ಮಸೆಯುವವನು ಎಂದು ಅದರ ಅರ್ಥ. ಇದೇ ಧಾತುವು ಸಮುವೇಲನ ಮೊದಲನೆಯ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಅಲ್ಲಿಯ ಸಂದರ್ಭವನ್ನು ಗಮನಿಸಬೇಕು. ಫಿಲಿಷ್ಟಿಯರು ಇಸ್ರಾಯೇಲ್ ದೇಶದಲ್ಲಿ ಒಬ್ಬ ಕಮ್ಮಾರನೂ ಇಲ್ಲದಂತೆ ಮಾಡಿದ್ದರು. ಇಬ್ರಿಯರು ಕತ್ತಿ ಭರ್ಜಿಗಳನ್ನು ಮಾಡಿಕೊಂಡಾರೆಂದು ಅವರ ಹೆದರಿಕೆ. ಅದರಿಂದಾಗಿ ರೈತನು ತನ್ನ ನೇಗಿಲಿನ ಕುಳವನ್ನೂ ಗುದ್ದಲಿಯನ್ನೂ ಕೊಡಲಿಯನ್ನೂ ಹೊತ್ತು ಶತ್ರುವಿನ ಕುಲುಮೆಗೆ ಇಳಿದುಹೋಗಿ ಮಸೆಯಿಸಿಕೊಂಡು ಬರಬೇಕಾಗಿತ್ತು. ಆ ಮಸೆಯುವಿಕೆಗೆ ಉಪಯೋಗಿಸಿದ ಧಾತುವೇ ತೂಬಲ್‌ಕಾಯಿನನ ಕೆಲಸಕ್ಕೂ ಉಪಯೋಗಿಸಲ್ಪಟ್ಟಿದೆ. ಆ ಕೂಲಿಯನ್ನು ಹೇಳುವಲ್ಲಿ ಪೀಮ್ ಎಂಬ ಶಬ್ದವಿದ್ದು, ಅದು ಎಲ್ಲಿಯೂ ಮತ್ತೆ ಬಾರದ್ದರಿಂದ ಇಂಗ್ಲಿಷಿನ ಹಳೆಯ ಭಾಷಾಂತರಕಾರರು ಅರವೆಂದು ಅರ್ಥಮಾಡಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಪಾಲೆಸ್ತೀನಿನ ನೆಲದಿಂದ ಆ ಶಬ್ದವನ್ನೇ ಕೊರೆದ ಸಣ್ಣ ತೂಕದ ಕಲ್ಲುಗಳು ದೊರೆತ ಮೇಲೆ, ಅದು ಶೆಕಲಿನ ಮೂರರಲ್ಲೆರಡು ಭಾಗ, ಸುಮಾರು 7ರಿಂದ 8 ಗ್ರಾಂ ತೂಕದ ಬೆಳ್ಳಿಯೆಂದು ಗೊತ್ತಾಯಿತು. ಒಂದು ಕುಳ ಮಸೆಯುವುದಕ್ಕೆ ಅಷ್ಟು ಬೆಳ್ಳಿ ತೆತ್ತ ರೈತನ ಸಂಕಟವನ್ನು ಊಹಿಸಿಕೊಳ್ಳಬೇಕು.

ಹೀಗಿರುವಾಗ ತೂಬಲ್‌ಕಾಯಿನನನ್ನು ಆಯುಧಗಳ ಒಡೆಯನೆಂದು ಮಾತ್ರ ಓದುವುದು ಸರಿಯಲ್ಲ. ವಾಕ್ಯದಲ್ಲಿ ಕತ್ತಿಯ ಹೆಸರಿಲ್ಲ, ಭರ್ಜಿಯ ಹೆಸರಿಲ್ಲ. ತಾಮ್ರ ಕಬ್ಬಿಣಗಳ ಕೆಲಸವೆಂದಷ್ಟೇ ಇದೆ. ಕೊಲೆಯ ಹಾಡು ಲೆಮೆಕನದು. ಅದರ ಹೊಣೆಯೂ ಅವನದೇ. ಅಂದಮಾತ್ರಕ್ಕೆ ಕುಲುಮೆಯವನು ಸಂಪೂರ್ಣ ನಿರ್ದೋಷಿಯೆಂದು ನಾವು ವಕಾಲತ್ತು ವಹಿಸುವುದಿಲ್ಲ. ಚನ್ನರಾಯನದುರ್ಗದ ಉಕ್ಕು ಯಾರ ಕೈಗೆ ಹೋಗುವುದೆಂದು ಅಲ್ಲಿಯ ಕೆಲಸಗಾರನಿಗೆ ಚೆನ್ನಾಗಿ ಗೊತ್ತಿತ್ತು. ಕುಳವನ್ನೂ ಕತ್ತಿಯನ್ನೂ ಒಂದೇ ಬೆಂಕಿಯಲ್ಲಿ ಕಾಯಿಸುವವನನ್ನು ಸಮಾಜವು ಗೌರವದಿಂದಲೂ ಅಳುಕಿನಿಂದಲೂ ಕಾಣುವುದು ಸಹಜ. ನಮ್ಮ ಪಾಂಚಾಳರು ವಿಶ್ವಕರ್ಮನ ಐದು ಮುಖಗಳಿಂದ ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞರೆಂಬ ಮೂಲಪುರುಷರನ್ನು ಹೇಳಿಕೊಂಡು ಯಜ್ಞೋಪವೀತವನ್ನು ಧರಿಸುವವರು. ಆದರೂ ಎಡಗೈ ಬಲಗೈ ಪಣಗಳ ಜಗಳಗಳಲ್ಲಿ ಅವರ ಮದುವೆಯ ಮೆರವಣಿಗೆಗೂ ಅಡ್ಡಿ ಬಂದ ಕಾಲವಿತ್ತು. ಬೈಬಲಿನಲ್ಲಿಯೂ ಕಾಯಿನನ ಹೆಸರನ್ನೇ ಹೊತ್ತ ಕೇನ್ಯರೆಂಬ ಕುಲವು ಗುಡಾರಗಳಲ್ಲಿ ಅಂಚಿನಲ್ಲಿಯೇ ಬಾಳುತ್ತದೆ. ಮೋಶೆಯ ಮಾವನು ಆ ಕುಲದವನೆಂದು ಹೇಳಿದೆ. ಕಬ್ಬಿಣದ ರಥಗಳು 900 ಇದ್ದ ಸೈನ್ಯದ ಸೇನಾಪತಿಯನ್ನು ಗುಡಾರದ ಗೂಟ ಸುತ್ತಿಗೆಗಳಿಂದ ಕೊಂದ ಯಾಯೇಲಳು ಆ ಕುಲದವನೊಬ್ಬನ ಹೆಂಡತಿ.

ಇನ್ನೊಂದು ಪ್ರಶ್ನೆ ಉಳಿದಿದೆ. ಎರಡು ಅಧ್ಯಾಯಗಳು ಕಳೆಯುವಷ್ಟರಲ್ಲಿ ಜಲಪ್ರಳಯ ಬಂದು ನೋಹನ ಮನೆಯವರ ಹೊರತು ಎಲ್ಲರೂ ಮುಳುಗಿಹೋಗುತ್ತಾರೆ. ಹಾಗಾದರೆ ಕುರುಬರಿಗೂ ವೈಣಿಕರಿಗೂ ಲೆಮೆಕನ ಮಕ್ಕಳು ಮೂಲಪುರುಷರಾಗುವುದು ಹೇಗೆ? ಈ ವಂಶಾವಳಿಯು ಪ್ರಳಯದ ಕಥೆಯನ್ನೇ ಅರಿಯದ ಬೇರೊಂದು ಪರಂಪರೆಯಿಂದ ಬಂದದ್ದೆಂದು ವಿಮರ್ಶಕರು ಹೇಳುತ್ತಾರೆ. ಅದೇ ನಮಗೂ ಯುಕ್ತವೆನಿಸುತ್ತದೆ. ಯಹೂದಿ ಗುರುಗಳಲ್ಲಿ ಒಬ್ಬರ ಉತ್ತರವು ಮಾತ್ರ ಹೆಚ್ಚು ಹೃದ್ಯವಾಗಿದೆ. ತೂಬಲ್‌ಕಾಯಿನನ ಸಹೋದರಿಯಾದ ನಯಮಾ ನೋಹನ ಹೆಂಡತಿಯಾದಳಂತೆ. ಹಾಗಿದ್ದರೆ ಕಾಯಿನನ ರಕ್ತವೂ ಕುಲುಮೆಯ ನೆನಪೂ ನಾವೆಯನ್ನೇರಿ ಬದುಕಿ ಬಂದವು. ಮಿಕ್ಕ ಗುರುಗಳು ಇದನ್ನು ಒಪ್ಪದೆ, ಈಕೆ ವಿಗ್ರಹಗಳ ಮುಂದೆ ದಮ್ಮಡಿ ಬಡಿದು ಹಾಡಿದವಳೆಂದರು.

ಹಾಡಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಸೇರಿಸಬಹುದು. ಈ ಸೀಮೆಗೆ ದಕ್ಷಿಣದಲ್ಲಿರುವ ಚನ್ನಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ತಂತಿಯನ್ನು ಎಳೆಯುವ ಕುಶಲರಿದ್ದರು. ವೀಣೆ ತಂಬೂರಿಗಳಿಗಾಗಿ ಆ ತಂತಿಗಳನ್ನು ಹಿಂದೂಸ್ಥಾನದ ದೂರದೂರದ ಊರುಗಳಿಗೆ ತರಿಸಿಕೊಳ್ಳುತ್ತಿದ್ದರು. ತೂಬಲ್‌ಕಾಯಿನನ ಲೋಹವು ಯೂಬಾಲನ ಕಿನ್ನರಿಗೆ ಹೋದದ್ದು ಹೀಗೆ. ಅಗ್ಗವಾದ ಸೀಮೆಯ ಕಬ್ಬಿಣ ಬಂದ ಮೇಲೆ ನಮ್ಮ ಕಪ್ಪು ಮರಳಿನ ಕುಲುಮೆಗಳು ಒಂದೊಂದಾಗಿ ಆರಿದವು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವು ಹರಿಯತೊಡಗಿದಾಗ ಮಧುಗಿರಿಯ ಕಮ್ಮಾರರಲ್ಲಿ ಉಳಿದಿದ್ದುದು ಕುಳ ಹದಮಾಡುವ ಕೆಲಸ ಮಾತ್ರ. ಆ ಕುಲುಮೆಗಳಲ್ಲಿ ಗಂಡಸು ಸುತ್ತಿಗೆ ಎತ್ತಿದರೆ ತಿದಿಯನ್ನು ಒತ್ತುತ್ತಿದ್ದವಳು ಅನೇಕವೇಳೆ ಮನೆಯ ಹೆಂಗಸೇ. ಕಾವು ಏರುವುದೂ ಇಳಿಯುವುದೂ ಅವಳ ಕೈಯಲ್ಲಿತ್ತು. ತಾಮ್ರ ಕಬ್ಬಿಣಗಳ ಮಾತು ಮುಗಿದೊಡನೆಯೇ, ಯಾವ ಕಾರಣವನ್ನೂ ಕೊಡದೆ, ನಯಮಾಳ ಹೆಸರನ್ನು ಬರೆದಿಟ್ಟ ಆ ಪ್ರಾಚೀನ ಲೇಖಕನು ಅಂತಹ ಒಂದು ಕುಲುಮೆಯನ್ನು ಕಣ್ಣಾರೆ ಕಂಡಿದ್ದಿರಬಹುದು.