ಮೊದಲ ಸರ್ಫ್‌ಬೋರ್ಡ್: ಅಳತೆ, ತೇಲುವಿಕೆ ಮತ್ತು ಬೆಲೆ

ಹಲಗೆಯ ಮೇಲೆ ನಿಂತು ಸಮುದ್ರದ ಅಲೆಯೊಡನೆ ಜಾರುವ ಸರ್ಫಿಂಗ್ ಕ್ರೀಡೆಯು ಕರ್ನಾಟಕದಲ್ಲಿ ಬೇರೂರಲು 2004ರಲ್ಲಿ ಮುಲ್ಕಿಯಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ ಮುಖ್ಯ ಕಾರಣವಾಗಿದ್ದು, 2016ರಲ್ಲಿ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದ ಬಳಿಕ ಈ ಕ್ರೀಡೆಯ ಹೆಸರು ಒಳನಾಡಿಗೂ ತಲುಪಿತು.

ಹೊಸಬರು ಸಾಮಾನ್ಯವಾಗಿ ಸ್ಪರ್ಧಿಗಳ ಕೈಯಲ್ಲಿ ಕಾಣುವ ಗಿಡ್ಡ, ಚೂಪು ಮೂತಿಯ ಬೋರ್ಡಿಗೆ ಮರುಳಾಗುತ್ತಾರೆ. ಹಣ ವ್ಯರ್ಥವಾಗುವುದು ಅಲ್ಲಿಯೇ. ಬೋರ್ಡಿನ ಒಟ್ಟು ಗಾತ್ರವನ್ನು ಲೀಟರುಗಳಲ್ಲಿ ಅಳೆಯಲಾಗುತ್ತದೆ, ಮತ್ತು ಲೀಟರು ಹೆಚ್ಚಿದಷ್ಟೂ ತೇಲುವ ಶಕ್ತಿ ಹೆಚ್ಚುವುದರಿಂದ, ಕಲಿಯುವವರ ಬೋರ್ಡಿನ ಲೀಟರು ಅವರ ತೂಕದ ಕಿಲೋಗಳಿಗಿಂತ ಹೆಚ್ಚಿರಬೇಕು. ವಯಸ್ಕರಿಗೆ 8ರಿಂದ 9 ಅಡಿ ಉದ್ದದ, ಅಗಲವಾದ, ಮೇಲ್ಮೈಗೆ ಮೆತ್ತನೆಯ ಫೋಮ್ ಹೊದಿಸಿದ ಸಾಫ್ಟ್‌ಟಾಪ್ ಬೋರ್ಡ್ ಸೂಕ್ತ. ಅದು ಸುಲಭವಾಗಿ ಒಡೆಯುವುದಿಲ್ಲ, ಬಡಿದರೂ ಗಾಯ ಕಡಿಮೆ.

ಹಳೆಯ ಬೋರ್ಡ್ ಅಗ್ಗವೆಂಬುದು ನಿಜವಾದರೂ, ಫೈಬರ್‌ಗ್ಲಾಸ್ ಹೊದಿಕೆಯಲ್ಲಿ ಬಿರುಕಿದ್ದರೆ ಒಳಗಿನ ಫೋಮ್ ನೀರು ಹೀರಿ ಭಾರವಾಗುತ್ತದೆ. ಹೊದಿಕೆ ಒತ್ತಿದಾಗ ಕುಗ್ಗಿದರೆ ಅದು ಫೋಮಿನಿಂದ ಬಿಟ್ಟುಕೊಂಡಿದೆ ಎಂದರ್ಥ. ದಿಕ್ಕು ಹಿಡಿದಿಡಲು ಅಡಿಯಲ್ಲಿರುವ ಫಿನ್‌ಗಳ ಬುಡವನ್ನೂ ಅಲುಗಾಡಿಸಿ ನೋಡಬೇಕು. ಆದರೆ ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಹಗ್ಗವನ್ನು ಹೊಸದಾಗಿಯೇ ಕೊಳ್ಳುವುದು ಕ್ಷೇಮ.

ಗುಬ್ಬಿ ತಾಲ್ಲೂಕಿನ ಕಡಬದಂತಹ ಊರಿನವರಿಗೆ, ಕೆರೆ ಎಷ್ಟೇ ದೊಡ್ಡದಾಗಿದ್ದರೂ ಅದರಲ್ಲಿ ಸರ್ಫಿಂಗಿಗೆ ಬೇಕಾದ ಅಲೆಗಳು ಏಳದ ಕಾರಣ, ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಕರಾವಳಿಯ ತರಬೇತಿ ಶಾಲೆಯಲ್ಲಿ ಬೋರ್ಡನ್ನು ಬಾಡಿಗೆಗೆ ಪಡೆದು ಕಲಿಯುವುದೇ ಖರೀದಿಗಿಂತ ಲಾಭಕರ.