‘ತಮ್ಮಾ, ಲಗೂನ ಚಾಲೂ ಮಾಡಪಾ!’

ಗೋಡೆಗೆ ಹೊಸ ಎ.ಸಿ. ಏರಿತೆಂದರೆ ಮನೆಯವರಿಗೆ ತಡೆಯಲಾಗುವುದಿಲ್ಲ. ಸ್ಕ್ರೂಡ್ರೈವರ್ ಇನ್ನೂ ನನ್ನ ಕೈಯಲ್ಲೇ ಇರುತ್ತದೆ, ರಿಮೋಟ್ ಆಗಲೇ ಮಕ್ಕಳ ಕೈ ಸೇರಿರುತ್ತದೆ. ಅಜ್ಜಿ ಊದಿನಕಡ್ಡಿ ಹಚ್ಚಿ, ಯಂತ್ರಕ್ಕೆ ಕುಂಕುಮ ಇಟ್ಟು, ಕಾಯಿ ಒಡೆಸುತ್ತಾರೆ. ಆಮೇಲೆ ಎಲ್ಲರದೂ ಒಂದೇ ಮಾತು: ‘ತಮ್ಮಾ, ಲಗೂನ ಚಾಲೂ ಮಾಡಪಾ!’

ಐಟಿಐನಲ್ಲಿ ಎರಡು ವರ್ಷ ಫ್ರಿಜ್, ಎ.ಸಿ. ಕೆಲಸ ಕಲಿತು, ಈಗ ಬೈಕಿನ ಹಿಂದೆ ವ್ಯಾಕ್ಯೂಮ್ ಪಂಪ್ ಕಟ್ಟಿಕೊಂಡು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತುವವನು ನಾನು. ಮಾರ್ಚ್ ಬಂದರೆ ಊಟಕ್ಕೂ ಪುರುಸೊತ್ತಿಲ್ಲ. ಇಷ್ಟು ಮನೆ ಸುತ್ತಿದ ಮೇಲೆ ನನಗೆ ಖಾತ್ರಿಯಾದ ಮಾತು ಒಂದೇ. ಚಾಲೂ ಮಾಡುವುದು ಎಂದರೆ ರಿಮೋಟ್ ಒತ್ತುವುದಲ್ಲ, ಅದಕ್ಕಿಂತ ಮುಂಚಿನ ಮುಕ್ಕಾಲು ಗಂಟೆ. ಯಂತ್ರದ ಆಯುಷ್ಯ ಅಲ್ಲೇ ನಿರ್ಧಾರವಾಗುತ್ತದೆ. ಕೆಲವೊಮ್ಮೆ ಮನೆಯವರದೂ.

ಹಾವೇರಿಯ ಒಂದು ಮನೆಯಲ್ಲಿ ಅಜ್ಜ ಕೇಳಿದ್ದರು, ‘ಒಂದೂವರೆ ಟನ್ ಅಂತೀರಿ, ನಮ್ಮ ಗ್ವಾಡಿ ತಡೀತೈತೇನ್ರಿ?’ ನಗಬಾರದು, ಪ್ರಶ್ನೆ ನ್ಯಾಯವಾದದ್ದೇ. ಈ ಟನ್ನು ತೂಕದ್ದಲ್ಲ, ಮಂಜುಗಡ್ಡೆಯ ಕಾಲದ್ದು. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಹಾಗಾಗಿ ಹಂಚಿನ ಮನೆಯಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದು ಬಿಟ್ಟು ಎ.ಸಿ. ಹಾಕಿಸಿದರೆ ಅದು ತೂತಿನ ಕೊಡದಲ್ಲಿ ನೀರು ಹೊತ್ತಂತೆ.

ಶಾಖ ಹೊರುವ ಕೂಲಿ ಗ್ಯಾಸ್‌ನದು. ಹೊಸ ಯಂತ್ರದ ಗ್ಯಾಸ್ ಹೊರಗಿನ ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬಂದಿರುತ್ತದೆ. ತಾಮ್ರದ ಪೈಪ್ ಜೋಡಿಸಿದಾಗ ಪೈಪಿನೊಳಗೆ ಇರುವುದು ಬರೀ ಗಾಳಿ, ಗಾಳಿಯ ಜೊತೆ ಪಸೆ. ಅದನ್ನು ಪಂಪ್ ಹಚ್ಚಿ ಪೂರ್ತಿ ಎಳೆದು ತೆಗೆಯಬೇಕು. ಪಂಪ್ ನಿಲ್ಲಿಸಿ ಹತ್ತು ನಿಮಿಷ ಮೀಟರಿನ ಮುಳ್ಳು ನೋಡುತ್ತ ಕೂರಬೇಕು. ಮುಳ್ಳು ಅಲುಗದಿದ್ದರೆ ಸೋರಿಕೆ ಇಲ್ಲ ಎಂದರ್ಥ. ಆಗ ಮಾತ್ರ ಕೀಲಿ ತಿರುವಿ ಗ್ಯಾಸ್ ಬಿಟ್ಟು, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಪಂಪ್ ಹಚ್ಚದೆ, ಸ್ವಲ್ಪ ಗ್ಯಾಸನ್ನೇ ಬಿಟ್ಟು ‘ಗಾಳಿ ಹೋತು’ ಎನ್ನುವವರಿದ್ದಾರೆ. ಅಂದು ಎ.ಸಿ. ತಣ್ಣಗೇ ಊದುತ್ತದೆ. ಆದರೆ ಉಳಿದ ಪಸೆ ಕಂಪ್ರೆಸರನ್ನು ಒಳಗೊಳಗೇ ತಿನ್ನುತ್ತಿರುತ್ತದೆ. ಈಗಿನ ಬಹಳಷ್ಟು ಯಂತ್ರಗಳಲ್ಲಿರುವ ಆರ್-32 ಗ್ಯಾಸ್‌ಗೆ ಸ್ವಲ್ಪಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ, ಆಟ ಆಡುವಂಥದ್ದಲ್ಲ.

ಇದಕ್ಕಿಂತ ದೊಡ್ಡದು ಅರ್ಥಿಂಗ್. ಕಳೆದ ಡಿಸೆಂಬರ್‌ನಲ್ಲಿ ರಾಣೆಬೆನ್ನೂರಿನ ಒಂದು ಮನೆಗೆ ಬಿಸಿ ಮತ್ತು ತಂಪು ಎರಡೂ ಕೊಡುವ ಎ.ಸಿ. ಕೂರಿಸಲು ಹೋಗಿದ್ದೆ. ಮಗಳು ಬಾಣಂತನಕ್ಕೆ ಬರುವವಳಿದ್ದಳು. ಹೊರಗಿನ ಪೆಟ್ಟಿಗೆಯನ್ನು ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲೇ ಇಡಿಸಿದ್ದರು. ಪ್ಲಗ್ಗಿನಲ್ಲಿ ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಚ್ಚಿ ನೋಡಿದೆ, ಉರಿಯಲಿಲ್ಲ. ಹಸಿರು ವೈರ್ ಗೋಡೆಯೊಳಗೆ ಎಲ್ಲಿಯೋ ತುಂಡಾಗಿ ನಿಂತಿತ್ತು. ಪೆಟ್ಟಿಗೆಯ ಮೈ ಕಬ್ಬಿಣದ್ದು. ಒಳಗೆ ಒಂದು ವೈರ್ ಸುಲಿದರೆ, ಒದ್ದೆ ಸೀರೆ ಹಿಂಡುತ್ತ ಅದನ್ನು ಮುಟ್ಟಿದವರ ಗತಿ ಏನು? ಇವತ್ತು ಚಾಲೂ ಮಾಡುವುದಿಲ್ಲ ಎಂದೆ. ಯಜಮಾನರು ಸಿಟ್ಟಾದರು. ‘ಬ್ಯಾರೇದವ್ರು ಐದು ನಿಮಿಷದಾಗ ಮಾಡಿ ಹೋಗ್ತಾರ’ ಎಂದರು. ಆದರೂ ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿದರು. ಹಿತ್ತಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು-ಉಪ್ಪು ತುಂಬಿ ಅರ್ಥಿಂಗ್ ಆಯಿತು.

ಮರುದಿನ ಬೆಳಿಗ್ಗೆ ಬೇಗ ಹೋದೆ. ಬಿಸಿ ಗಾಳಿಯನ್ನು ಪರೀಕ್ಷಿಸಲು ಆ ಹೊತ್ತೇ ಸರಿ. ರಿಮೋಟ್ ಸಾಮಾನ್ಯವಾಗಿ 30 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ, ಕೋಣೆಯೇ 33 ಇದ್ದರೆ ಅದು ಬಿಸಿ ಊದುವುದಾದರೂ ಏಕೆ? ಗುಂಡಿ ಒತ್ತಿದಾಗ ಒಳಗಿನ ಕವಾಟ ತಿರುಗಿ, ಗ್ಯಾಸ್ ಹರಿಯುವ ದಾರಿ ಉಲ್ಟಾ ಆಗುತ್ತದೆ. ಆಗ ಶಾಖ ಹೊರಗಿನಿಂದ ಒಳಗೆ ಬರುತ್ತದೆ. ಸುರುಳಿ ಕಾಯುವವರೆಗೆ ಫ್ಯಾನ್ ತಿರುಗುವುದಿಲ್ಲ. ‘ಕೆಟ್ಟೈತಿ ತಗೀರಿ’ ಎಂದರು ಅಜ್ಜಿ. ಒಂದೆರಡು ನಿಮಿಷಕ್ಕೆ ಬೆಚ್ಚಗಿನ ಗಾಳಿ ಬಂತು. ಬಾಣಂತಿಗೆ ಎ.ಸಿ. ಬೇಡವೇ ಬೇಡ ಎನ್ನುತ್ತಿದ್ದ ಅವರು ಕೈಯೊಡ್ಡಿ, ‘ಅಯ್ಯ, ಇದು ಹೊಗಿ ಇಲ್ಲದ ಅಗ್ಗಿಷ್ಟಿಗಿ ಅಲ್ಲೇನೋ ತಮ್ಮಾ!’ ಎಂದರು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವುದು ತಾಯಿಗೂ ಕೂಸಿಗೂ ಅಪಾಯ, ಅದರ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದು ಹೇಳಿ ಬಂದೆ.

ಇನ್ನು ಬ್ಯಾಡಗಿ. ಅಲ್ಲಿ ತಂಪು ಮೊದಲು ಬಂದದ್ದು ಮೆಣಸಿನಕಾಯಿಗೆ, ಮನುಷ್ಯರಿಗೆ ಆಮೇಲೆ. ಬ್ಯಾಡಗಿ ಕಾಯಿಯ ಬೆಲೆ ಇರುವುದೇ ಬಣ್ಣದಲ್ಲಿ, ಸೆಕೆಗೆ ಆ ಬಣ್ಣ ಮಾಸುತ್ತದೆ. ಅದಕ್ಕೇ ಊರ ಸುತ್ತ ಇಷ್ಟೊಂದು ಕೋಲ್ಡ್ ಸ್ಟೋರೇಜ್. ಅಲ್ಲಿನ ದೊಡ್ಡ ಯಂತ್ರಗಳೂ ಅವಸರ ಬಲ್ಲವಲ್ಲ. ಹೊಸ ಕೋಣೆಯನ್ನು ಒಂದೇ ದಿನಕ್ಕೆ ತಣಿಸಿದರೆ ನೆಲ, ಗೋಡೆ ಬಿರಿಯಬಹುದೆಂದು ದಿನಕ್ಕೆ ಇಷ್ಟಿಷ್ಟು ಡಿಗ್ರಿ ಎಂದು ಇಳಿಸುತ್ತಾರೆ. ಬ್ಯಾಡಗಿಯ ಮನೆಗಳಲ್ಲಿ ನಾನು ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ: ಸೀಸನ್‌ನಲ್ಲಿ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಇಲ್ಲದಿದ್ದರೆ ಜಾಳಿಗೆಯಲ್ಲಿ ಕಾರದ ಧೂಳು ಕೂತು, ಮನೆಮಂದಿಯೆಲ್ಲ ತಣ್ಣಗೆ ಕೂತು ಸೀನಬೇಕಾಗುತ್ತದೆ.

ಇಷ್ಟಾದ ಮೇಲೆ ಒಂದು ಚರಿಗೆ ನೀರನ್ನು ಒಳಗಿನ ತಟ್ಟೆಗೆ ಸುರಿದು ಹೊರಗೆ ಹರಿಯುತ್ತದೆಯೇ ನೋಡಿ, ರಿಮೋಟ್ ಕೊಡುತ್ತೇನೆ. ಎಲ್ಲರೂ ಮೊದಲು ಒತ್ತುವುದು 16. ಹದಿನಾರಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುವುದಿಲ್ಲ, ಯಂತ್ರ ಹೆಚ್ಚು ಹೊತ್ತು ದುಡಿಯುತ್ತದೆ ಅಷ್ಟೆ. ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ 2020ರ ಜನವರಿಯಿಂದ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ. ಗಂಟೆಗೆ ಒಂದು ಯೂನಿಟ್ ಎಂದು ಹಿಡಿದರೂ ರಾತ್ರಿ ಆರು ಗಂಟೆಯಂತೆ ತಿಂಗಳಿಗೆ 180. ಮಿಕ್ಸರ್, ಟಿವಿ, ಫ್ರಿಜ್ ಸೇರಿದರೆ ಗೃಹಜ್ಯೋತಿಯ 200 ದಾಟಿ, ಅಷ್ಟೂ ಯೂನಿಟ್ಟಿನ ಬಿಲ್ ಬರುತ್ತದೆ. ಇದನ್ನು ಹೇಳುವಾಗ ಯಜಮಾನರ ಮುಖಕ್ಕಿಂತ ಮನೆಯಾಕೆಯ ಮುಖ ನೋಡಿ ಹೇಳುತ್ತೇನೆ, ಮಾತು ನಿಲ್ಲುತ್ತದೆ.

ನಮ್ಮ ಕಡೆಯ ಒಂದು ಸತ್ಯವನ್ನೂ ಹೇಳಬೇಕು. ನಮ್ಮಲ್ಲಿ ಅನೇಕರಿಗೆ ಕೂಲಿ ಸಿಗುವುದು ಯಂತ್ರದ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಅವಸರ ಮಾಡಿದಷ್ಟೂ ನಮಗೇ ಲಾಭ. ಅದಕ್ಕೇ ಕೇಳುವ ಕೆಲಸ ನಿಮ್ಮದು. ಪಂಪ್ ತಂದಿದ್ದಾನೆಯೇ, ಅರ್ಥಿಂಗ್ ನೋಡಿದನೇ, ನೀರು ಸುರಿದು ತೋರಿಸಿದನೇ ಎಂದು ಕೇಳಿ. ಹಾಗೆ ಕೇಳುವ ಮನೆಯಲ್ಲಿ ಕೆಲಸ ಮಾಡಲು ನಮಗೂ ಹುರುಪು. ಮುಕ್ಕಾಲು ಗಂಟೆಯ ಜೊತೆ ಒಂದು ಕಪ್ ಚಹಾ ಕೊಟ್ಟರಂತೂ ಬೇಡ ಎನ್ನುವುದಿಲ್ಲ.