ಕ್ರಿಪ್ಸ್ ಮಾತುಕತೆ ಮತ್ತು ಕುಂದಗೋಳದ ರೈತ

ನಮ್ಮ ಸಂಶಿ ಬಾಜೂಕಿನ ಕುಂದಗೋಳ ಐತಲ್ರೀ, 1948ರ ತನಕಾ ಅದು ಜಮಖಂಡಿ ಸಂಸ್ಥಾನದ್ದು. ಹುಬ್ಬಳ್ಳಿ, ಧಾರವಾಡ ಬ್ರಿಟಿಷರ ಮುಂಬೈ ಪ್ರಾಂತದಾಗ. ಒಂದ ಸೀಮಿ, ಎರಡು ಆಳಿಕಿ.

1942ರ ಮಾರ್ಚ್. ಸಿಂಗಾಪುರ, ರಂಗೂನ್ ಎರಡೂ ಜಪಾನಿನ ಕೈಗೆ ಹೋಗಿದ್ವು. ಭಾರತದ ಮಂದೀನ್ನ ಒಲಿಸ್ಕೊಳ್ರಿ ಅಂತ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಒತ್ತಾಯ. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರು ತಮ್ಮ ಮಂತ್ರಿ ಸ್ಟಾಫರ್ಡ್ ಕ್ರಿಪ್ಸರನ್ನ ದಿಲ್ಲಿಗೆ ಕಳಿಸಿದ್ರು. ಯುದ್ಧ ಮುಗಿದ ಮ್ಯಾಲೆ ಸಂವಿಧಾನ ರಚನಾ ಸಭೆ ಅಂದ್ರು. ಪ್ರಾಂತಗಳಿಂದ, ಜನ ಆರಿಸಿದ ಶಾಸಕರು ತಮ್ಮ ಪ್ರತಿನಿಧಿಗಳನ್ನ ಕಳಿಸಬೇಕು. ಸಂಸ್ಥಾನಗಳಿಂದ? ರಾಜರು ನೇಮಿಸಿದವರು!

ಕುಂದಗೋಳದಾಗ ಹತ್ತಿ ಬೆಳೆಯೋ ರೈತನ್ನ ಯಾರೂ ಕೇಳಂಗಿಲ್ಲ. ಇದನ್ನ ಓದಿದಾಗೆಲ್ಲಾ ನನಗ ಹೊಟ್ಟ್ಯಾಗ ಸಂಕಟ ಆಗ್ತೈತ್ರಿ.

ರಕ್ಷಣಾ ಖಾತೆ ಯಾರ ಕೈಯಾಗ ಇರಬೇಕು? ಕಾಂಗ್ರೆಸ್ಸಿನ ಜೋಡಿ ಮಾತು ಅಲ್ಲೇ ಸಿಕ್ಕಿಬಿತ್ತು. ರೂಸ್‌ವೆಲ್ಟರ ದೂತ ಲೂಯಿಸ್ ಜಾನ್ಸನ್ ನಡುವ ನಿಂತು ಹೊಂದಿಸಾಕ ನೋಡಿದ್ರು, ಆಗಲಿಲ್ಲ. ಏಪ್ರಿಲ್‌ನಾಗ ಕ್ರಿಪ್ಸರು ಬರಿಗೈಲೆ ಹೊಂಟ್ರು.

ಮಾತು ಮುರಿದ ಮ್ಯಾಲೆ, ಆಗಸ್ಟ್ 8ಕ್ಕ ಕಾಂಗ್ರೆಸ್ಸಿನ ‘ಭಾರತ ಬಿಟ್ಟು ತೊಲಗಿರಿ’ ಕರೆ. ಆ ಕರೆಗೆ ಓಗೊಟ್ಟು ಹೊಂಟವರಾಗ ನಮ್ಮ ಮೈಲಾರ ಮಹಾದೇವಪ್ಪನವರೂ ಒಬ್ರು. 1943ರ ಏಪ್ರಿಲ್ 1ರಂದು, ಆಗಿನ ಧಾರವಾಡ ಜಿಲ್ಲೆಯ ಹೊಸರಿತ್ತಿಯೊಳಗ, ಪೊಲೀಸರ ಗುಂಡಿಗೆ ಬಲಿಯಾದ್ರು.